ಮೀಟರು ಸೊನ್ನೆ ತೋರಿಸಿತು

ಕಳೆದ ತಿಂಗಳು ನಮ್ಮ ಮನೆಯವರು ಬ್ಯಾಂಕಿನಿಂದ ಸಿಟ್ಟಾಗಿ ಬಂದರು. ಹಾವೇರಿಯ ಬಿಸಿಲಿನಲ್ಲಿ ನಡೆದು ಬಂದವರಿಗೆ ಮೊದಲು ನೀರು ಕೊಡಬೇಕು, ಕಾರಣ ಆಮೇಲೆ ಕೇಳಬೇಕು ಎಂಬುದನ್ನು ಇಷ್ಟು ವರ್ಷದ ಸಂಸಾರದಲ್ಲಿ ಕಲಿತಿದ್ದೇನೆ. ನೀರು ಕುಡಿದರು. ಅಂಗಿಯ ಕಿಸೆಯಿಂದ ಒಂದು ನೀಲಿ ಪೆನ್ನು ತೆಗೆದು ಊಟದ ಮೇಜಿನ ಮೇಲೆ ಒಗೆದರು.

“ಇದೇನಂತೀನಿ? ನಾಕು ಮಂದಿ ಎದುರಿಗೆ ಸಹಿ ಮಾಡಾಕ ಹೋದ್ರ ಒಂದ ಗೆರಿ ಮೂಡವಲ್ದು. ಬಿಚ್ಚಿ ನೋಡಿದ್ರ ಒಳಗ ರಿಫಿಲ್ಲ ಇಲ್ಲ! ಒಂದು ಗಾಜಿನ ಮಣಿ, ಒಂದು ಕಂದು ಬಿಲ್ಲಿ, ಏನೇನೋ ತಂತಿ. ನನ್ನ ಹಿಂದ ನಿಂತಾಂವ ‘ಸರ್, ಸ್ವಲ್ಪ ದೂರ ಹಿಡೀರಿ’ ಅಂದ!”

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಆ ಪೆನ್ನು ಎಷ್ಟೋ ವರ್ಷದಿಂದ ನಮ್ಮ ಅಡುಗೆಮನೆಯ ಸೆಳೆಖಾನೆಯಲ್ಲಿ ಲಟ್ಟಣಿಗೆ, ದಾರದ ಉಂಡೆ, ಬಲ್ಬಿನ ರಸೀದಿಗಳ ನಡುವೆ ಬಿದ್ದುಕೊಂಡಿತ್ತು. ಅದರ ಹಿಂಬದಿಯ ವೈರುಗಳು ಎಂದೋ ಕಿತ್ತುಹೋಗಿದ್ದರಿಂದ ಮೇಲುನೋಟಕ್ಕೆ ಥೇಟ್ ಪೆನ್ನೇ. ಆದರೆ ಅದು ಬರೆಯುವ ಪೆನ್ನಲ್ಲ. ರೇಡಿಯೋ ಯಂತ್ರದಿಂದ ಹೊರಡುವ ವಿದ್ಯುತ್ತನ್ನು ಮನೆಯಲ್ಲಿರುವ ಸಾಧಾರಣ ವೋಲ್ಟ್‌ಮೀಟರಿನಲ್ಲಿ ಅಳೆಯುವುದಕ್ಕೆ ನಾನೇ ಕೈಯಾರೆ ಮಾಡಿದ ಕಡ್ಡಿ. ಅಂಗಡಿಯವರು ಅದನ್ನು ಪ್ರೋಬ್ ಅನ್ನುತ್ತಾರೆ. ಅದನ್ನು ಮಾಡಬೇಕಾಗಿ ಬಂದದ್ದು ಹೇಗೆ ಎಂಬುದು ನನಗೆ ಅಷ್ಟೇನೂ ಹೆಮ್ಮೆಯ ಕಥೆಯಲ್ಲ. ಆದರೂ ಹೇಳುತ್ತೇನೆ.

ಅದಕ್ಕೂ ಮೊದಲು ನನ್ನ ನಾಲಿಗೆಯ ವಿಷಯ ಹೇಳಿಬಿಡಬೇಕು. ನಾನು ಬಳಸಿದ ಮೊಟ್ಟಮೊದಲ ವೋಲ್ಟ್‌ಮೀಟರು ಅದೇ. ಹಾವೇರಿಯಲ್ಲಿ ನಮ್ಮ ಮನೆಯ ಬ್ಯಾಟರಿಯ ಸೆಲ್ಲು ಸತ್ತಿದೆಯೋ ಬದುಕಿದೆಯೋ ನೋಡಲು ಅಣ್ಣ ಸೆಲ್ಲಿನ ತಳಕ್ಕೆ ಒಂದು ತಂತಿ ಒತ್ತಿ, ತಂತಿಯ ತುದಿಯನ್ನೂ ಸೆಲ್ಲಿನ ತಲೆಯನ್ನೂ ನನ್ನ ನಾಲಿಗೆಗೆ ಮುಟ್ಟಿಸುತ್ತಿದ್ದ. ಹುಳಿ ಹುಳಿಯಾಗಿ ಚುರುಗುಟ್ಟಿದರೆ ಸೆಲ್ಲು ಜೀವಂತ, ಸಪ್ಪಗಿದ್ದರೆ ಸತ್ತಿದೆ ಎಂದು ಲೆಕ್ಕ. ತನ್ನ ನಾಲಿಗೆಯನ್ನೇ ಯಾಕೆ ಬಳಸುವುದಿಲ್ಲ ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ. ನನ್ನ ತೀರ್ಪಿಗೆ ಮನೆಯಲ್ಲಿ ಬೆಲೆ ಇತ್ತು ಎಂಬುದೇ ದೊಡ್ಡ ಸಂಗತಿ. “ಇವಳು ಸತ್ತೈತಿ ಅಂದ್ಲಂದ್ರ ಸತ್ತಾಂಗ” ಎಂದು ಅಪ್ಪ ಸೆಲ್ಲನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದರು. ಚಿಕ್ಕಂದಿನಲ್ಲಿ ಸಿಕ್ಕ ಇಂಥ ಮರ್ಯಾದೆ ಮನುಷ್ಯರನ್ನು ಹಾಳು ಮಾಡುತ್ತದೆ, ನೋಡಿ. ಮುಂದೆ ಫಿಜಿಕ್ಸ್ ಓದಿ, ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೂ, ಯಾವುದು ಸತ್ತಿದೆ ಯಾವುದು ಬದುಕಿದೆ ಎಂದು ಹೇಳುವ ಹಕ್ಕು ನನಗಿದೆ ಎಂಬ ಭಾವನೆ ನನ್ನಿಂದ ಹೋಗಲಿಲ್ಲ.

ಪಾಠ ಚೆನ್ನಾಗಿ ಹೇಳುತ್ತಿದ್ದೆ, ಅದು ಸುಳ್ಳಲ್ಲ. ಬೋರ್ಡಿನ ಮೇಲೆ ನಾನು ಬರೆದ ಸರ್ಕಿಟ್ಟುಗಳ ಗೆರೆಗಳು ಅಳತೆಪಟ್ಟಿ ಇಟ್ಟಂತೆ ಬರುತ್ತಿದ್ದವು. ಆದರೆ ಕೈಯಲ್ಲಿ ಬೆಸುಗೆಯ ಕಡ್ಡಿ ಹಿಡಿದವಳಲ್ಲ. ಲ್ಯಾಬಿನಲ್ಲಿ ಏನಾದರೂ ಕೆಟ್ಟರೆ ರಿಪೇರಿ ಮಾಡುತ್ತಿದ್ದವರು ಫಕ್ಕೀರಪ್ಪ. ಅವರು ನಮ್ಮ ಲ್ಯಾಬಿನ ಅಟೆಂಡರು. ಗುತ್ತಲದವರು. ನನಗಿಂತ ಏಳೆಂಟು ವರ್ಷ ಹಿರಿಯರು, ನಾನು ಸೇರುವುದಕ್ಕೂ ಮೊದಲಿನಿಂದ ಅಲ್ಲಿದ್ದವರು. ಮಾತು ಕಡಿಮೆ. ಯಾವ ಲೆನ್ಸಿಗೆ ಎಲ್ಲಿ ಗೀರಿದೆ, ಯಾವ ತಕ್ಕಡಿಗೆ ಯಾವ ಕಡೆ ವಾಲುವ ಚಾಳಿ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮಕ್ಕಳು ಪ್ರಯೋಗ ಮುಗಿಸಿ ಹೋದ ಮೇಲೆ ಸಾಮಾನನ್ನೆಲ್ಲ ಒಂದೊಂದಾಗಿ ಒರೆಸಿ ಕಪಾಟಿಗೆ ಸೇರಿಸುತ್ತಿದ್ದರು. ಕುಂದ್ರಿ ಅಂದರೆ ಕೂರುತ್ತಿರಲಿಲ್ಲ. “ಇರಲ್ರಿ ಮೇಡಮ್ಮರ, ನಿಂತ ರೂಢಿ” ಅನ್ನುತ್ತಿದ್ದರು.

ಈಗ್ಗೆ ಹಲವು ವರ್ಷಗಳ ಹಿಂದೆ ನನಗೊಂದು ಹುಚ್ಚು ಹಿಡಿಯಿತು: ಹವ್ಯಾಸಿ ರೇಡಿಯೋ. ಪರೀಕ್ಷೆ ಬರೆದು ಲೈಸೆನ್ಸು ಪಡೆದವರು ತಮ್ಮ ಮನೆಯಲ್ಲೇ ಸಣ್ಣದೊಂದು ಯಂತ್ರ ಇಟ್ಟುಕೊಂಡು, ಮೊಬೈಲು ಟವರು ಯಾವುದರ ಹಂಗೂ ಇಲ್ಲದೆ ದೂರದೂರದವರ ಜೊತೆ ಮಾತಾಡುತ್ತಾರಲ್ಲ, ಅದು. ನಾನೂ ಪರೀಕ್ಷೆ ಬರೆದು ಪಾಸಾದೆ; ಪರೀಕ್ಷೆ ನನಗೆ ಯಾವತ್ತೂ ಕಷ್ಟವಾಗಿಲ್ಲ. ಹಾವೇರಿಯಲ್ಲಿ ಅಂಥ ಹವ್ಯಾಸವಿದ್ದ ಹಿರಿಯರೊಬ್ಬರು ತೀರಿಕೊಂಡಿದ್ದರು. ಅವರು ತಾವೇ ಕಟ್ಟಿದ ಯಂತ್ರವನ್ನು ಅವರ ಪತ್ನಿ ನಮ್ಮ ಕಾಲೇಜಿಗೆ ಕೊಡಲು ಒಪ್ಪಿದರು. “ಹುಡುಗ್ರು ಮಾತಾಡ್ಲಿ. ಮನ್ಯಾಗ ಅದು ಸುಮ್ಮನ ಕುಂತದ್ದು ನನಗ ನೋಡಾಕ ಆಗವಲ್ದು” ಎಂದರು ಆ ತಾಯಿ. ಆ ದಿನ ನನಗೆ ಪರೀಕ್ಷೆಯ ಮೇಲ್ವಿಚಾರಣೆ ಬಿದ್ದಿದ್ದರಿಂದ ಯಂತ್ರವನ್ನು ತರಲು ಫಕ್ಕೀರಪ್ಪನವರನ್ನು ಕಳಿಸಿದೆ. ಅವರು ಹಾವೇರಿಯಿಂದ ಬಸ್ಸಿನಲ್ಲಿ ಅದನ್ನು ಹೊತ್ತು ತಂದು, ಲ್ಯಾಬಿನ ಮೇಜಿನ ಮೇಲೆ ಇಟ್ಟು, ಮೇಲಿನ ಧೂಳು ಒರೆಸಿದರು.

ನಾನು ಅದನ್ನು ಜೋಡಿಸಿದ್ದು ಮರುದಿನ. ಮಹಡಿಯ ಮೇಲೆ ನೀರಿನ ಟಾಕಿಯಿಂದ ಬೇವಿನ ಮರಕ್ಕೆ ಆಂಟೆನಾದ ತಂತಿ ಕಟ್ಟಿಸಿ, ಅದರಿಂದ ಕೆಳಗಿನ ಲ್ಯಾಬಿನವರೆಗೆ ಕೇಬಲ್ಲು ಇಳಿಸಿದೆ. ಕೇಬಲ್ಲಿನ ತುದಿಗೆ ಹಿತ್ತಾಳೆಯ ತಿರುಪನ್ನು ನಾನೇ ಬೆಸೆದೆ. ಫಕ್ಕೀರಪ್ಪ “ನಾ ಹಚ್ಚಲೇನ್ರಿ?” ಎಂದು ಕೇಳಿದರು. “ಬ್ಯಾಡ್ರಿ, ಇದು ಸೂಕ್ಷ್ಮ ಕೆಲಸ” ಎಂದೆ. ಈಗ ಆ ಮಾತು ನೆನೆದರೆ ಕಿವಿ ಬಿಸಿಯಾಗುತ್ತದೆ.

ಪ್ರಯೋಗಕ್ಕೆ ಬಂದಿದ್ದ ಇಪ್ಪತ್ತು ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಸ್ವಿಚ್ಚು ಹಾಕಿದೆ. ದೀಪ ಹತ್ತಿತು. ಸ್ಪೀಕರಿನಲ್ಲಿ ಬರೀ ಹುಸ್ ಎನ್ನುವ ಸದ್ದು. ಮಾತಾಡುವ ಗುಂಡಿ ಒತ್ತಿ ಕರೆದೆ. ಯಾರೂ ಓಗೊಡಲಿಲ್ಲ. ಅರ್ಧ ಗಂಟೆ ಕರೆದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಕಪಾಟಿನಿಂದ ನಮ್ಮ ಹಳದಿ ಮೀಟರು ತೆಗೆದು, ಗುಂಡಿ ಒತ್ತಿ ಹಿಡಿದು, ಯಂತ್ರದಿಂದ ಅಲೆ ಹೊರಬರುವ ಜಾಗಕ್ಕೆ ಅದರ ಕಡ್ಡಿಗಳನ್ನು ಮುಟ್ಟಿಸಿದೆ. ಮೀಟರು ಸೊನ್ನೆ ತೋರಿಸಿತು. ಮತ್ತೆ ನೋಡಿದೆ. ಸೊನ್ನೆ.

“ಸತ್ತೈತಿ” ಎಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ನನಗೆ ಅವಮಾನವಾಗಿತ್ತು. ಅವಮಾನವಾದ ಮನುಷ್ಯ ಸುತ್ತ ನೋಡುತ್ತಾನೆ. ನಾನು ನೋಡಿದಾಗ ಬಾಗಿಲ ಬಳಿ ಫಕ್ಕೀರಪ್ಪ ನಿಂತಿದ್ದರು.

“ಫಕ್ಕೀರಪ್ಪ, ಖರೇ ಹೇಳು. ಬಸ್ಸಿನಾಗ ಇದನ್ನ ಎಲ್ಲಿ ಬೀಳಿಸಿದಿ?”

ಅಷ್ಟು ವರ್ಷ ಅವರೊಂದಿಗೆ ಆಡಿದ ಪ್ರತಿ ಮಾತಿನ ಕೊನೆಗಿರುತ್ತಿದ್ದ ‘ರಿ’ ಆ ದಿನ ನನ್ನ ಬಾಯಿಂದ ಉದುರಿಹೋಗಿತ್ತು. ನನಗೆ ಅದು ಗೊತ್ತಾಗಲಿಲ್ಲ. ಅವರಿಗೆ ಗೊತ್ತಾಯಿತು.

“ಬೀಳಿಸಿಲ್ರಿ ಮೇಡಮ್ಮರ. ಮೋಟೆಬೆನ್ನೂರ ದಾಟೂತನಕ ಕುಂದ್ರಾಕ ಜಾಗಾ ಸಿಗಲಿಲ್ಲ. ಎದಿಗೆ ಅವಚಿ ಹಿಡಕೊಂಡ ನಿಂತಿದ್ದೆ. ಆಮ್ಯಾಲ ತೊಡಿ ಮ್ಯಾಲ ಇಟಗೊಂಡೆ.”

“ಹಂಗಾದ್ರ ತಾನ ಸತ್ತಿತೇನು?”

ಅವರು ಉತ್ತರ ಕೊಡಲಿಲ್ಲ. ಆ ಮೌನವನ್ನೇ ನಾನು ತಪ್ಪೊಪ್ಪಿಗೆ ಎಂದು ತಿಳಿದೆ. ಮಧ್ಯಾಹ್ನ ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದೆ. ‘ದಾನವಾಗಿ ಬಂದ ಬೆಲೆಬಾಳುವ ಉಪಕರಣ ಅಜಾಗರೂಕತೆಯಿಂದ ಹಾಳಾಗಿದೆ’ ಎಂದು ಒಳ್ಳೆಯ ಕನ್ನಡದಲ್ಲಿ. ವಾರದೊಳಗೆ ಫಕ್ಕೀರಪ್ಪನವರನ್ನು ಲ್ಯಾಬಿನಿಂದ ತೆಗೆದು ಗೇಟಿನ ಕೆಲಸಕ್ಕೆ ಹಾಕಿದರು. ಪಿರಿಯಡ್ಡು ಮುಗಿದಾಗ ಗಂಟೆ ಹೊಡೆಯುವುದು, ಬಂದವರ ಹೆಸರು ಬರೆಸಿಕೊಳ್ಳುವುದು. ನಾನು ಬೆಳಿಗ್ಗೆ ಗೇಟು ದಾಟುವಾಗ ಅವರು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು. ಅದರಲ್ಲಿ ಸಿಟ್ಟೂ ಇರಲಿಲ್ಲ, ಬೇರೇನೂ ಇರಲಿಲ್ಲ.

ಮೂರು ವಾರ ಕಳೆದ ಮೇಲೆ ಕೆಮಿಸ್ಟ್ರಿಯ ಗೆಳತಿಯೊಬ್ಬಳು ಹೇಳಿದಳು: “ಬ್ಯಾಡಗಿಯೊಳಗ ರಜಿಯಾ ಆಪಾ ಅಂತ ಅದಾರ. ಅವರಪ್ಪನ ರೇಡಿಯೋ ಅಂಗಡಿ ಈಗ ಅವರ ನಡಸ್ತಾರ. ತೋರಿಸಿ ನೋಡು.” ಯಂತ್ರ ಕೊಟ್ಟ ಆ ತಾಯಿ ಹಾವೇರಿಯಿಂದ ಫೋನು ಮಾಡಿ “ಹುಡುಗ್ರು ಮಾತಾಡಿದ್ರೇನವಾ?” ಎಂದು ಆಗಲೇ ಎರಡು ಸಲ ಕೇಳಿದ್ದರು. ಒಂದು ಶನಿವಾರ ಮಧ್ಯಾಹ್ನ ಯಂತ್ರವನ್ನೂ ಹಳದಿ ಮೀಟರನ್ನೂ ಚೀಲಕ್ಕೆ ಹಾಕಿ, ಅವುಗಳ ಮೇಲೆ ಕೇಬಲ್ಲನ್ನೂ ಸುತ್ತಿ, ಬ್ಯಾಡಗಿಯ ಬಸ್ಸು ಹತ್ತಿದೆ.

ಆ ಪ್ರಯಾಣ ನನಗೆ ಮರೆಯುವುದಿಲ್ಲ. ಯಂತ್ರ ನೋಡಲು ಸಣ್ಣದು. ತೊಡೆಯ ಮೇಲೆ ಇಟ್ಟುಕೊಂಡರೆ ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯುವಷ್ಟು ಭಾರ. ಅದರ ತಗಡಿನ ಮೂಲೆ ಮೊಣಕಾಲಿಗೆ ಒತ್ತುತ್ತಿತ್ತು. ಹೆದ್ದಾರಿ ಬಿಟ್ಟು ಬಸ್ಸು ಬ್ಯಾಡಗಿಯ ಕಡೆ ಹೊರಳಿದ ಮೇಲೆ ಒಂದು ರಸ್ತೆ ಉಬ್ಬು ಬಂತು. ಡ್ರೈವರು ಅದನ್ನು ನೋಡಲಿಲ್ಲವೋ, ನೋಡಿಯೂ ಗಣಿಸಲಿಲ್ಲವೋ. ನಾನು ಒಂದು ಗೇಣು ಮೇಲೆದ್ದು ಕೆಳಗೆ ಬಿದ್ದೆ. ಯಂತ್ರ ನನ್ನ ಕೈತಪ್ಪಿ ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಢಣ್ಣೆಂದು ಬಡಿದು ಮತ್ತೆ ಮಡಿಲಿಗೆ ಬಂತು. ಪಕ್ಕದಲ್ಲಿದ್ದ ಹೆಂಗಸು “ಯವ್ವಾ, ಗಟ್ಟ್ಯಾಗಿ ಹಿಡ್ಕೋರಿ” ಎಂದಳು. ಹೇಗೂ ಸತ್ತಿರುವುದು, ಇನ್ನೇನು ಎಂದುಕೊಂಡೆ. ಮರುಕ್ಷಣವೇ, ಇಂಥ ಭಾರವನ್ನು ಎದೆಗೆ ಅವುಚಿಕೊಂಡು ಒಬ್ಬ ಮನುಷ್ಯ ಅಷ್ಟು ದೂರ ನಿಂತು ಬಂದಿದ್ದ ಎಂಬುದು ಹೊಳೆಯಿತು. ಆದರೂ ಅಷ್ಟೇ, ಹೊಳೆದದ್ದನ್ನು ಅಲ್ಲಿಗೇ ಬಿಟ್ಟೆ.

ಬ್ಯಾಡಗಿಯಲ್ಲಿ ಇಳಿದವರು ಮೊದಲು ಸೀನಬೇಕು. ಮೆಣಸಿನಕಾಯಿಯ ಸೀಸನ್ನು ಅದಲ್ಲ, ಆದರೂ ಆ ಊರಿನ ಗೋಡೆಗಳಲ್ಲೇ ಘಾಟು ಕೂತಿರುತ್ತದೆ. ಊರಿನವರಿಗೆ ಏನೂ ಆಗುವುದಿಲ್ಲ. ಯಾರು ಸೀನುತ್ತಾರೋ ಅವರು ಹೊರಗಿನವರು ಎಂದು ಗೊತ್ತು ಹಚ್ಚಿ ರಿಕ್ಷಾದವರು ಕರೆಯುತ್ತಾರೆ. ನಾನು ಸೀನುತ್ತಲೇ ರಜಿಯಾ ಆಪಾ ಅವರ ಅಂಗಡಿ ತಲುಪಿದೆ.

ಅರವತ್ತರ ಹತ್ತಿರದ ಹೆಂಗಸು. ಕನ್ನಡಕವನ್ನು ದಾರದಿಂದ ಕೊರಳಿಗೆ ಕಟ್ಟಿಕೊಂಡಿದ್ದರು. ಎದುರಿಗೆ ಯಾವುದೋ ಮಸೀದಿಯ ಆಂಪ್ಲಿಫಯರು, ಇನ್ಯಾವುದೋ ಭಜನಾ ಮಂಡಳಿಯ ಮೈಕು, ಬಾಯಿ ತೆರೆದ ಮಿಕ್ಸರು. ಅಪ್ಪನ ಪಕ್ಕ ಬ್ಯಾಟರಿ ಹಿಡಿದು ಕೂತು ಕೂತು ಕಲಿತದ್ದಂತೆ. ಒಳಗಿದ್ದ ಸೊಸೆಗೆ ಉರ್ದುವಿನಲ್ಲಿ ಚಹಾ ಹೇಳಿ ನನ್ನ ಕಡೆ ತಿರುಗಿದರು.

“ಕುಂದ್ರಿ. ಏನಾಗೇತಿ?”

ನಾನು ಪಾಠ ಹೇಳುವ ಧಾಟಿಯಲ್ಲಿ ಹೇಳಿದೆ. ಯಂತ್ರ ಎಷ್ಟು ವ್ಯಾಟಿನದು, ಯಾವ ಅಲೆಯದು, ನಮ್ಮ ಅಟೆಂಡರು ಬೀಳಿಸಿದ್ದು, ಒಳಗಿನ ಟ್ರಾನ್ಸಿಸ್ಟರು ಹೋಗಿರಬೇಕು ಎಂಬ ನನ್ನ ಅಭಿಪ್ರಾಯ. ಅವರು ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಬಿದ್ದದ್ದು ಇಲ್ರಿ ಇದು. ಎಲ್ಲೂ ಮೂಲಿ ಜಜ್ಜಿಲ್ಲ. ಇದೊಂದು ಹೊಸಾ ಗೀರು, ಇದು ಇವತ್ತಿಂದು.”

ನಾನು ಚಹಾ ಕುಡಿದೆ.

“ಸತ್ತೈತಿ ಅಂತ ಹೆಂಗ ಗೊತ್ತಾತು?”

ಹಳದಿ ಮೀಟರನ್ನು ಚೀಲದಿಂದ ತೆಗೆದು ತೋರಿಸಿದೆ. “ಇದನ್ನ ಹಚ್ಚಿ ನೋಡೀನ್ರಿ. ಸೊನ್ನೆ.”

“ಇದು ಮನಿ ಕರೆಂಟ್ ನೋಡೂ ಮೀಟರ್ರಿ. ಅದು ಸೆಕೆಂಡಿಗೆ ಐವತ್ತು ಸಲ ಹಿಂದಮುಂದ ಆಗತೈತಿ, ಇದಕ್ಕ ತಿಳೀತೈತಿ. ನಿಮ್ಮ ಡಬ್ಬಿಯೊಳಗ ಎಷ್ಟ ಸಲ ಆಗತೈತಿ?”

“ಎಪ್ಪತ್ತು ಲಕ್ಷ ಸಲ” ಎಂದು ಹೆಮ್ಮೆಯಿಂದ ಹೇಳಿದೆ.

“ಹಾಂ. ಎಪ್ಪತ್ತು ಲಕ್ಷ. ಅಷ್ಟು ಲಗೂ ಓಡೂದನ್ನ ಈ ಪಾಪದ್ದು ಎಲ್ಲಿಂದ ಹಿಡೀಬೇಕ್ರಿ? ಅದಕ್ಕ ಏನೂ ಕಾಣೂದಿಲ್ಲ. ಸೊನ್ನೆ ಅಂತೈತಿ.”

ಕೈಯಲ್ಲಿದ್ದ ಕಪ್ಪನ್ನು ಬಸಿಯಲ್ಲಿ ಇಟ್ಟೆ. ಆ ಮಾತನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಅಳೆಯುವ ಸಾಧನಕ್ಕೂ ಒಂದು ಮಿತಿ ಇದೆ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ.

ರಜಿಯಾ ಆಪಾ ಡಬ್ಬದಿಂದ ಒಂದು ಹಳೆಯ ಸಿರಿಂಜನ್ನು ತೆಗೆದರು. ಮುಂದೆ ಚೂಪಾದ ತಂತಿ, ಹಿಂದೆ ಎರಡು ವೈರು. ಅವರ ಅಪ್ಪ ಮಾಡಿದ್ದಂತೆ. ಒಳಗಿದ್ದದ್ದು ಮೂರೇ ಸಾಮಾನು: ಬಿಲ್ಲೆಯಂಥ ಒಂದು ಪುಟ್ಟ ಕಂಡೆನ್ಸರು, ಒಂದು ಗಾಜಿನ ಡಯೋಡು, ಒಂದು ರೆಸಿಸ್ಟರು.

“ಈ ಗಾಜಿಂದು ಐತಲ್ರಿ, ಇದು ಒಂದ ಕಡೆ ಹಾದಿ ಬಿಡತೈತಿ. ಬಂದದ್ದನ್ನ ಹೊಳ್ಳಿ ಹೋಗಗೊಡೂದಿಲ್ಲ. ಹಂಗಾಗಿ ಅಲೀ ಬಂದು ಬಂದು ಈ ಬಿಲ್ಲಿಯೊಳಗ ತುಂಬಿ ನಿಂದರತೈತಿ, ಕೊಡದಾಗ ನೀರು ನಿಂತಾಂಗ. ಮೀಟರ್‌ಗೆ ಓಡೂದು ಕಾಣೂದಿಲ್ಲ, ನಿಂತದ್ದು ಕಾಣತೈತಿ. ಕೊಡದಾಗ ಎಷ್ಟು ನಿಂತೈತಿ ಅಂತ ಅದು ಹೇಳತೈತಿ. ಅಷ್ಟ ನೋಡ್ರಿ.”

ಅಷ್ಟೇ. ನಾನು ಅರ್ಧ ಬೋರ್ಡು ತುಂಬಿಸಿ ಹೇಳುತ್ತಿದ್ದ ಡಯೋಡಿನ ಪಾಠ, ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ.

ಆಂಟೆನಾ ಇಲ್ಲದೆ ಬರಿದೇ ಗುಂಡಿ ಒತ್ತಿದರೆ ಯಂತ್ರಕ್ಕೆ ಪೆಟ್ಟು ಎಂದು ಹೇಳಿ, ಅವರು ಯಂತ್ರದ ಬಾಯಿಗೆ ರೆಸಿಸ್ಟರುಗಳ ಒಂದು ಗೊಂಚಲು ಸಿಕ್ಕಿಸಿದರು. ಹೊರಟ ಶಕ್ತಿ ಆಕಾಶಕ್ಕೆ ಹೋಗುವ ಬದಲು ಆ ಗೊಂಚಲಿನಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ. ಸಿರಿಂಜಿನ ವೈರುಗಳನ್ನು ನನ್ನದೇ ಹಳದಿ ಮೀಟರಿಗೆ ಹಚ್ಚಿ, ಅದನ್ನು ಬ್ಯಾಟರಿ ಅಳೆಯುವ ಗುರುತಿಗೆ ತಿರುಗಿಸಿದರು. “ಒತ್ರಿ” ಎಂದರು. ಒತ್ತಿದೆ. ಅವರು ಚೂಪು ತುದಿಯನ್ನು ಗೊಂಚಲಿಗೆ ಮುಟ್ಟಿಸಿದರು.

ಮೀಟರಿನಲ್ಲಿ ಹದಿನಾಲ್ಕು ಬಂತು. ಬಂದು ನಿಂತಿತು.

“ಜೀವ ಐತ್ರಿ” ಎಂದರು ರಜಿಯಾ ಆಪಾ. “ನಾಕು ವ್ಯಾಟಿಗೆ ಮೋಸ ಇಲ್ಲ. ಡಯೋಡ್ ಒಂಚೂರು ತಾನ ತಿಂತೈತಿ, ಹಂಗಾಗಿ ಇನ್ನೂ ಸ್ವಲ್ಪ ಹೆಚ್ಚ ಇರಬೇಕು.”

ಸಂತೋಷವಾಗಬೇಕಿತ್ತು. ನನಗೆ ನೆನಪಾದದ್ದು ಕಾಲೇಜಿನಲ್ಲಿ ನಾನು ಬರೆದುಕೊಟ್ಟ ಪತ್ರ. ಅವರು ಅಷ್ಟಕ್ಕೆ ಬಿಡಲಿಲ್ಲ. ಚೀಲದಲ್ಲಿದ್ದ ಕೇಬಲ್ಲನ್ನು ಯಂತ್ರಕ್ಕೆ ಹಚ್ಚಿ, ಗೊಂಚಲನ್ನು ಅದರ ಆಚೆ ತುದಿಗೆ ಸಿಕ್ಕಿಸಿ, ಮತ್ತೆ ಮುಟ್ಟಿಸಿದರು. ಸೊನ್ನೆ. ನಡುವೆ ಇದ್ದದ್ದು ಕೇಬಲ್ಲು ಮಾತ್ರ. ತುದಿಯ ಹಿತ್ತಾಳೆಯ ತಿರುಪನ್ನು ಬಿಚ್ಚಿ ಒಳಗಿನ ತಂತಿಯನ್ನು ಉಗುರಿನಿಂದ ಸ್ವಲ್ಪ ಎಳೆದರು. ಅದು ಸುಮ್ಮನೆ ಹೊರಗೆ ಬಂತು. ಅದರ ತುದಿಗೆ ಬೂದು ಬಣ್ಣದ ಒಂದು ಗಡ್ಡೆ.

“ಡ್ರೈ ಸೋಲ್ಡರ್. ಅಂಟಿದಾಂಗ ಕಾಣತೈತಿ, ಅಂಟಿಲ್ಲ. ಯಾರ್ರಿ ಹಚ್ಚಿದ್ದು? ನಿಮ್ಮ ಅಟೆಂಡರ?”

ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಒಂದು ಕ್ಷಣ ತಡೆದೆ ಎಂಬುದನ್ನೂ ಹೇಳಿಬಿಡುತ್ತೇನೆ.

“ನಾನು” ಎಂದೆ.

ಅವರು ನಗಲಿಲ್ಲ. ಬಿಸಿ ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು. “ಹಂಗಾರ ನೀವ ಹಚ್ರಿ. ಸೀಸ ಕರಗಿಸಿ ಮ್ಯಾಲ ಹನಸೂದಲ್ಲ. ಮೊದಲ ತಂತಿ ಕಾಯಬೇಕು. ಕಾದ ತಂತಿ ತಾನ ಸೀಸ ಎಳಕೋತೈತಿ.” ಮೂರನೆಯ ಸಲಕ್ಕೆ ಬೆಸುಗೆ ಬೆಳ್ಳಿಯಂತೆ ಹೊಳೆಯಿತು. ಮತ್ತೆ ಅಳೆದರು. ಆಚೆ ತುದಿಯಲ್ಲಿ ಹದಿನಾಲ್ಕಕ್ಕೆ ಸ್ವಲ್ಪವೇ ಕಡಿಮೆ. ನಾನು ಕೇಳದೆಯೇ ಇನ್ನೊಂದು ಡಯೋಡು, ಕಂಡೆನ್ಸರು, ರೆಸಿಸ್ಟರನ್ನು ಮೇಜಿನ ಮೇಲಿಟ್ಟು, ಮುಗಿದ ಒಂದು ನೀಲಿ ಪೆನ್ನು ಕೊಟ್ಟರು. “ಕಲ್ತ ಕೈಯಾಗ ಇದನ್ನೂ ಮಾಡ್ಕೋರಿ. ಹುಡುಗ್ರಿಗೆ ಬೇಕಾಗತೈತಿ.” ಮೂರೇ ಬೆಸುಗೆಗೆ ನನಗೆ ಒಂದು ತಾಸು ಹಿಡಿಯಿತು. ವಾಪಸು ಬರುವಾಗ ಬಸ್ಸಿನ ಟಿಕೀಟಿನ ಹಿಂದೆ ಲೆಕ್ಕ ಹಾಕಿ ನೋಡಿದೆ. ಅಲೆಯ ತುತ್ತತುದಿಯನ್ನು ನಾವು ದಿನಬಳಕೆಯಲ್ಲಿ ಹೇಳುವ ವೋಲ್ಟಿಗೆ ಇಳಿಸಿ ತೋರಿಸಲು ಎಷ್ಟು ರೆಸಿಸ್ಟರು ಬೇಕೋ, ಅವರ ಅಪ್ಪ ಯಾವ ಸೂತ್ರವೂ ಇಲ್ಲದೆ ಸರಿಸುಮಾರು ಅಷ್ಟನ್ನೇ ಹಾಕಿದ್ದರು.

ಸೋಮವಾರ ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಒಳ್ಳೆಯ ಮನುಷ್ಯರು, ಗದ್ದಲ ಬೇಡದವರು.

“ಮಷಿನ್ ನೆಟ್ಟಗಾತಲ್ರಿ, ಚಲೋ ಆತು. ಇನ್ನ ಅದನ್ನ ಯಾಕ ಕೆದಕತೀರಿ? ಅಂವ ಗೇಟಿನಾಗ ಆರಾಮ ಅದಾನ. ಮುಂದಿನ ವರ್ಷ ಒಳಗ ತಗೊಳೂಣಂತ.”

ಆ ಮಾತು ಎಷ್ಟು ಹಿತವಾಗಿ ಕೇಳಿಸಿತೆಂದರೆ, ಆಯಿತು ಸರ್ ಎಂದು ಎದ್ದೇಬಿಟ್ಟಿದ್ದೆ. ಬಾಗಿಲವರೆಗೆ ಹೋಗಿದ್ದೆ. ಅಷ್ಟರಲ್ಲಿ ಮೊದಲ ಪಿರಿಯಡ್ಡಿನ ಗಂಟೆ ಹೊಡೆಯಿತು. ಹೊಡೆಯುತ್ತಿರುವುದು ಯಾರ ಕೈ ಎಂದು ನನಗೆ ಗೊತ್ತಿತ್ತು. ಹಿಂದಿರುಗಿ ಬಂದು, ಅವರ ಮೇಜಿನ ಮೇಲಿದ್ದ ಹಾಳೆಯನ್ನೇ ತೆಗೆದುಕೊಂಡು, ತಪ್ಪು ನನ್ನದೆಂದು ನಾಲ್ಕು ಸಾಲು ಬರೆದು ಸಹಿ ಮಾಡಿ ಕೊಟ್ಟೆ.

ಆಮೇಲೆ ಗೇಟಿಗೆ ಹೋದೆ. ಫಕ್ಕೀರಪ್ಪ ಎದ್ದು ನಿಂತರು.

“ಫಕ್ಕೀರಪ್ಪನವರ, ಮಷಿನ್ ಸತ್ತಿರಲಿಲ್ರಿ. ನಾ ಬೆಸದ ಕೇಬಲ್ ಕೆಟ್ಟಿತ್ತು. ನಿಮ್ಮ ಮ್ಯಾಲ ಹಾಕಿದೆ. ತಪ್ಪಾತ್ರಿ.”

ಅವರು ಕೈಯಲ್ಲಿದ್ದ ಗಂಟೆಯ ಕೋಲನ್ನು ಮೊಳೆಗೆ ತೂಗುಹಾಕಿದರು.

“ನಾ ಬೀಳಿಸಿಲ್ಲಂತ ನನಗ ಗೊತ್ತಿತ್ರಿ. ನೀವು ಈಗ ಬಂದು ನನಗ ಹೇಳಾಕತ್ತೀರಿ. ಹುಡುಗ್ರ ಮುಂದ ಅಂದಿದ್ರಿ.”

ಅಷ್ಟೇ ಅಂದು ರಿಜಿಸ್ಟರು ತೆರೆದು ಕೂತರು.

ಇಪ್ಪತ್ತು ಮಕ್ಕಳ ಮುಂದೆ ಅದನ್ನು ಹೇಳುವುದಕ್ಕೆ ನನಗೆ ಎರಡು ದಿನ ಬೇಕಾಯಿತು. ಬುಧವಾರದ ಪ್ರಯೋಗದ ಹೊತ್ತಿಗೆ ಫಕ್ಕೀರಪ್ಪನವರನ್ನು ಲ್ಯಾಬಿಗೆ ಕರೆಸಿದೆ. ಮೊದಲು ಬರೀ ಮೀಟರು ಹಚ್ಚಿ ಸೊನ್ನೆ ತೋರಿಸಿದೆ. ಆಮೇಲೆ ಪೆನ್ನಿನ ಕಡ್ಡಿ ಹಚ್ಚಿ ಹದಿನಾಲ್ಕು ತೋರಿಸಿದೆ. ಮಕ್ಕಳು ಹೋ ಎಂದರು. ಮಕ್ಕಳಿಗೆ ಅದು ಮಾಟದಂತೆ ಕಂಡಿರಬೇಕು. ಆಗ ಹೇಳಿದೆ: “ಅವತ್ತು ನೀವೆಲ್ಲ ಇಲ್ಲೇ ಇದ್ರಿ. ಇದು ಸತ್ತೈತಿ ಅಂತ ನಾ ಅಂದದ್ದು ತಪ್ಪು. ಇವರು ಬೀಳಿಸ್ಯಾರ ಅಂದದ್ದು ಅದಕ್ಕಿಂತ ದೊಡ್ಡ ತಪ್ಪು. ಕೆಟ್ಟದ್ದು ನಾ ಮಾಡಿದ ಬೆಸುಗಿ.” ಮುಂದಿನ ಸಾಲಿನ ಒಬ್ಬ ಹುಡುಗಿ ನೋಟ್ಸಿನಲ್ಲಿ ಅದನ್ನೂ ಬರೆದುಕೊಳ್ಳುತ್ತಿದ್ದಳು. ಯಾರೂ ನಗಲಿಲ್ಲ. ಫಕ್ಕೀರಪ್ಪ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

ಮರುದಿನದಿಂದ ಅವರು ಲ್ಯಾಬಿಗೆ ಮರಳಿದರು. ನಾನು ತಿಳಿದದ್ದು ಅಲ್ಲಿಗೆ ಎಲ್ಲ ಮುಗಿಯಿತು ಎಂದು. ಮುಗಿಯಲಿಲ್ಲ. ಅವರು ಕೆಲಸ ಎಲ್ಲ ಮಾಡುತ್ತಿದ್ದರು, ಮೊದಲಿಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲದಂತೆ. ಮಕ್ಕಳಿಗೆ ಪ್ರೋಬ್ ಮಾಡಲು ಕಲಿಸಿದವರೂ ಅವರೇ. ಅವರ ಬೆಸುಗೆ ಹೊಳೆದಷ್ಟು ನನ್ನದು ಇಂದಿಗೂ ಹೊಳೆಯುವುದಿಲ್ಲ. ಆದರೆ ನನ್ನೊಂದಿಗೆ “ಹೂಂರಿ”, “ಆತ್ರಿ”, ಇಷ್ಟೇ. ನಾನೇನಾದರೂ ಹೆಚ್ಚು ಮಾತು ತೆಗೆದರೆ ಕಪಾಟಿನ ಕಡೆ ಹೋಗುತ್ತಿದ್ದರು. ಮೊದಮೊದಲು ಬೇಸರವಾಯಿತು. ತಪ್ಪೊಪ್ಪಿಕೊಂಡ ಮೇಲೂ ಹೀಗೇಕೆ ಎಂದು ಒಳಗೊಳಗೇ ಸಿಟ್ಟೂ ಬಂತು. ಆಮೇಲೆ ಸುಮ್ಮನಾದೆ. ಕ್ಷಮೆ ಕೇಳುವುದು ನನ್ನ ಕೆಲಸವಾಗಿತ್ತು. ಕೊಡುವುದು ಬಿಡುವುದು ಅವರದು.

ಯಂತ್ರವನ್ನು ಮತ್ತೆ ಜೋಡಿಸುವ ಹೊತ್ತಿಗೆ ಆಗಸ್ಟು ಕೊನೆಯಾಗುತ್ತ ಬಂದಿತ್ತು. ಮಳೆ ಹದಿನೈದು ದಿನದಿಂದ ಕೈಕೊಟ್ಟಿತ್ತು. ಸುತ್ತಲ ಹೊಲಗಳಲ್ಲಿ ಗೋವಿನಜೋಳದ ಎಲೆಗಳು ಮಧ್ಯಾಹ್ನಕ್ಕೆ ಸುರುಳಿ ಸುತ್ತುತ್ತಿದ್ದವು. ಒಂದು ರವಿವಾರ ಬೆಳಿಗ್ಗೆ ಯಂತ್ರವನ್ನು ಮಹಡಿಗೇ ಒಯ್ದು ಟಾಕಿಯ ನೆರಳಿನಲ್ಲಿ ಮೇಜು ಹಾಕಿದೆವು. ಹತ್ತು ಹನ್ನೆರಡು ಮಕ್ಕಳು ಬಂದಿದ್ದರು. ಹಾವೇರಿಯ ಆ ತಾಯಿಯನ್ನೂ ಕರೆದಿದ್ದೆ. ಮೆಟ್ಟಿಲು ಹತ್ತಲಾರೆ ಎಂದು ಅವರು ಬರಲಿಲ್ಲ, ಫೋನಿನಲ್ಲಿ ಕೇಳಿಸಿರಿ ಎಂದಿದ್ದರು. ಫಕ್ಕೀರಪ್ಪ ಪ್ರೋಬ್ ಮುಟ್ಟಿಸಿ “ಬರಾಕತ್ತೈತಿ” ಎಂದು ಮಕ್ಕಳಿಗೆ ಹೇಳಿ ಹಿಂದೆ ಸರಿದು ನಿಂತರು.

ಕರೆದೆ. ಹುಸ್ ಸದ್ದು. ಮತ್ತೆ ಕರೆದೆ. ನಾಲ್ಕನೆಯ ಸಲಕ್ಕೆ ಆ ಹುಸ್ಸಿನ ಒಳಗಿನಿಂದ, ಬಾವಿಯ ತಳದಿಂದ ಬಂದಂತೆ, ಒಬ್ಬ ಮುದುಕರ ದನಿ ಲೈಸೆನ್ಸಿನಲ್ಲಿ ನನಗೆ ಕೊಟ್ಟಿದ್ದ ಕರೆಯ ಗುರುತನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿತು. ಬೆಳಗಾವಿಯ ಆಚೆಯ ಒಂದು ಹಳ್ಳಿಯವರಂತೆ. “ಭಾಳ ಚಲೋ ಕೇಳಾಕತ್ತೈತ್ರಿ, ಎಲ್ಲಿಂದ ಮಾತಾಡತೀರಿ?” ಎಂದರು. ಮಕ್ಕಳು ಕುಣಿದುಬಿಟ್ಟರು. ನಾನು ಊರಿನ ಹೆಸರು ಹೇಳಿದೆ, ಯಂತ್ರ ಯಾರು ಕಟ್ಟಿದ್ದೆಂದು ಹೇಳಿದೆ, ಎಷ್ಟು ವ್ಯಾಟು ಎಂದು ಹೇಳಿದೆ. ಆಮೇಲೆ ಏನು ಹೇಳಬೇಕೆಂದೇ ತಿಳಿಯಲಿಲ್ಲ. ಇಷ್ಟು ತಿಂಗಳು ದನಿ ಮುಟ್ಟಿದರೆ ಸಾಕು ಎಂದು ಹಂಬಲಿಸಿದವಳಿಗೆ ಮುಟ್ಟಿದ ಮೇಲೆ ಮಾತೇ ಇಲ್ಲ. ಗುಂಡಿ ಹಿಡಿದು ಸುಮ್ಮನೆ ಕೂತಿದ್ದೆ.

ಆಗ ಭುಜದ ಪಕ್ಕದಲ್ಲಿ ಒಂದು ದನಿ ಕೇಳಿತು.

“ಮೇಡಮ್ಮರ, ಅವರ ಕಡಿ ಮಳಿ ಆತೇನ ಕೇಳ್ರಿ.”

ತಿರುಗಿ ನೋಡಿದೆ. ಫಕ್ಕೀರಪ್ಪ ಬಗ್ಗಿ ಸ್ಪೀಕರಿನ ಹತ್ತಿರ ಕಿವಿ ತಂದಿದ್ದರು. ಎರಡು ತಿಂಗಳಲ್ಲಿ ಅವರು ತಾವಾಗಿ ನನ್ನೊಂದಿಗೆ ಆಡಿದ ಮೊದಲ ಮಾತು. ಗುಂಡಿ ಒತ್ತಿ ಕೇಳಿದೆ.

“ನಿನ್ನಿ ಮುಂಜಾನಿಂದ ಹಚ್ಚೇತ್ರಿ” ಎಂದಿತು ಆ ದನಿ. “ನಿಂದರವಲ್ದು. ಮೂಡಣ ದಿಕ್ಕಿಗೆ ಮೋಡ ಹೊಂಟಾವ ನೋಡ್ರಿ.”

“ಹಂಗಾರ ನಾಳೆ ನಾಡದ್ದು ನಮ್ಮ ಗುತ್ತಲಕ್ಕೂ ಬರತೈತ್ರಿ” ಎಂದರು ಫಕ್ಕೀರಪ್ಪ, ನನ್ನ ಮುಖ ನೋಡಿ. ಗೋಡೆಗೆ ಆನಿಸಿದ್ದ ಒಂದು ಕುರ್ಚಿಯನ್ನು ಎಳೆದುಕೊಂಡು ನನ್ನ ಪಕ್ಕದಲ್ಲಿ ಕುಳಿತರು. “ಇನ್ನೊಮ್ಮೆ ಒತ್ರಿ. ಅವರಲ್ಲಿ ಏನು ಬೆಳಿ ಹಾಕ್ಯಾರ ಕೇಳೂಣು.”